ಅಟ್ಟದಿಂದ ಇಳಿದ ಪಿಟೀಲು

ನವರಾತ್ರಿ ಮುಗಿದು ಮೋಡ ಚದುರಿದ ಮೇಲೆ ಉಡುಪಿಯ ಮನೆಗಳಲ್ಲಿ ಅಟ್ಟಕ್ಕೆ ಏಣಿ ಇಡುವ ಕಾಲ. ಬನ್ನಂಜೆಯ ಹಳೆಯ ಹೆಂಚಿನ ಮನೆಗಳಲ್ಲಿ ದೀಪಾವಳಿಗೆ ಮುಂಚಿನ ಈ ಧೂಳು ಹೊಡೆಯುವ ಕೆಲಸದಲ್ಲಿ ಉಪ್ಪಿನಕಾಯಿ ಭರಣಿ, ಕಾಲು ಮುರಿದ ತೊಟ್ಟಿಲು, ಕಲಾಯಿ ಹೋದ ಪಾತ್ರೆಗಳ ಜತೆಗೆ ಕೆಲವೊಮ್ಮೆ ಉದ್ದನೆಯ ಕಪ್ಪು ಪೆಟ್ಟಿಗೆಯೊಂದು ಕೆಳಗಿಳಿಯುತ್ತದೆ. ಕೊಂಡಿಗೆ ತುಕ್ಕು ಹಿಡಿದಿರುತ್ತದೆ. ತೆರೆದರೆ ಬೂಷ್ಟು ಹಿಡಿದ ಮಖಮಲ್ಲಿನ ಮೇಲೆ ಒಂದು ಪಿಟೀಲು. ಎರಡು ತಂತಿ ಕಡಿದಿವೆ, ತಂತಿಗಳನ್ನು ಹೊರುವ ಕುದುರೆ ಮಗುಚಿ ಬಿದ್ದಿದೆ, ಕಮಾನಿನ ಕೂದಲು ಅರ್ಧ ಉದುರಿದೆ. ಎತ್ತಿ ಅಲುಗಿಸಿದರೆ ಹೊಟ್ಟೆಯೊಳಗೆ ಒಂದು ಕಡ್ಡಿ ಲೊಟಲೊಟ ಎನ್ನುತ್ತದೆ. ಎಡಬದಿಯ ಅಂಚಿನಲ್ಲಿ ಮೇಲುಹಲಗೆ ಪಕ್ಕದ ಪಟ್ಟಿಯನ್ನು ಬಿಟ್ಟು ಉಗುರು ತೂರುವಷ್ಟು ಬಾಯಿ ತೆರೆದಿದೆ.

ಅಜ್ಜ ಒಂದೆರಡು ವರ್ಷ ಕಲಿತಿದ್ದರಂತೆ, ದೊಡ್ಡ ಮಾವ ಮುಂಬಯಿಯಿಂದ ತಂದದ್ದಂತೆ ಎಂಬ ಮಾತು ಮನೆಯಲ್ಲಿ ಉಳಿದಿರುತ್ತದೆ. ಮುಂದೆ ಆ ಪಿಟೀಲಿಗೆ ಸಾಮಾನ್ಯವಾಗಿ ಎರಡೇ ದಾರಿ. ಗುಜರಿಗೆ ಹೋಗುತ್ತದೆ, ಇಲ್ಲವೇ ಫಳಫಳ ಹೊಳೆಯುವಂತೆ ವಾರ್ನಿಷ್ ಬಳಿಸಿಕೊಂಡು ಶೋಕೇಸ್ ಸೇರುತ್ತದೆ. ಎರಡರಲ್ಲೂ ಅದರ ದನಿ ಹೋದಂತೆಯೇ. ಆದರೆ ಮೂರನೆಯ ದಾರಿ ಇದೆ. ಕಡಿಮೆ ಬೆಲೆಯ ಪಿಟೀಲೊಂದು ಹಾಳಾಗಿದೆ ಎಂದು ಕಂಡಾಗ ಬಹಳಷ್ಟು ಸಲ ಹಾಳಾಗಿರುವುದು ಅದರ ಮರವಲ್ಲ. ಅಂಟು ಬಿಟ್ಟಿರುತ್ತದೆ, ಕುದುರೆ ಮತ್ತು ಬಿರಡೆ ಹೊಂದಿಕೆ ತಪ್ಪಿರುತ್ತವೆ. ತಾಳ್ಮೆ ಇರುವವರು ಈ ಮೂರನ್ನೂ ಮನೆಯ ಚಾವಡಿಯಲ್ಲೇ ಕೂತು ಸರಿಮಾಡಬಹುದು.

ಪಿಟೀಲಿನ ಕತೆಯಲ್ಲಿ ಕರಾವಳಿಗೆ ತನ್ನದೇ ಒಂದು ಪಾಲಿದೆ. ಕರ್ನಾಟಕದಲ್ಲಿ ಈ ವಾದ್ಯದ ಹೆಸರು ಹೇಳಿದ ಕೂಡಲೇ ನೆನಪಾಗುವವರು ಟಿ. ಚೌಡಯ್ಯ. ಧ್ವನಿವರ್ಧಕ ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ನಾದ ಕೇಳಿಸಬೇಕೆಂದು ಅವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಎದ್ದು ನಿಂತ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ಬಾಗಿಲು ತೆರೆಯಿತು. ಆ ಚೌಡಯ್ಯನವರನ್ನು ತಿದ್ದಿ ತೀಡಿದ ಗುರು, ಮೈಸೂರಿನ ಬಿಡಾರಂ ಕೃಷ್ಣಪ್ಪ, ಹುಟ್ಟಿದ್ದು 1866ರಲ್ಲಿ, ಕಾರ್ಕಳ ಬಳಿಯ ನಂದಳಿಕೆಯಲ್ಲಿ. ಕವಿ ಮುದ್ದಣನ ಊರೂ ಅದೇ. ಉಡುಪಿಯಲ್ಲೇ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಭಾಗವತರ ಹಾಡಿನ ಜತೆಗೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಕೂರಿಸಿದರು. ಅದರ ಬಗ್ಗೆ ವಾದ ಎದ್ದಿತು, ಇಂದಿಗೂ ಮುಗಿದಿಲ್ಲ. ಆದರೆ ಚೆಂಡೆ–ಮದ್ದಳೆಯ ನಾಡಿನಲ್ಲಿ ಪಿಟೀಲು ಪರಕೀಯವಾಗಿ ಉಳಿಯಲಿಲ್ಲ ಎಂಬುದಕ್ಕೆ ಅದೊಂದು ಗುರುತು.

ಒಳಗೆ ಅಂಟಿಸಿದ ಚೀಟಿ

ಪಿಟೀಲು ಕೈಗೆ ಬಂದವರು ಮೊದಲು ಮಾಡುವ ಕೆಲಸ, ‘ಎಫ್’ ಆಕಾರದ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ಇಣುಕುವುದು. ಒಳಗೆ ಹಳದಿಗೆ ತಿರುಗಿದ ಕಾಗದದ ಚೀಟಿ. ಅದರ ಮೇಲೆ ‘ಅಂತೋನಿಯಸ್ ಸ್ಟ್ರಾಡಿವೇರಿಯಸ್’ ಎಂಬ ಹೆಸರು, 17 ಎಂದು ಶುರುವಾಗುವ ಒಂದು ಇಸವಿ. ಮನೆಯವರ ಎದೆ ಹೊಡೆದುಕೊಳ್ಳುತ್ತದೆ. ಇಟಲಿಯ ಕ್ರೆಮೊನಾದಲ್ಲಿ ಬದುಕಿ 1737ರಲ್ಲಿ ತೀರಿಕೊಂಡ ಆ ಮಹಾನ್ ಕುಶಲಕರ್ಮಿ ಮಾಡಿದ ವಾದ್ಯಗಳು ಸುಮಾರು 1,100 ಎಂದು ಅಂದಾಜು. ಈಗ ಉಳಿದಿರುವುದು 650ರ ಆಸುಪಾಸು. ಅವುಗಳಲ್ಲಿ ಹೆಚ್ಚಿನವು ಯಾರ ಬಳಿ ಇವೆ ಎಂಬುದಕ್ಕೆ ದಾಖಲೆ ಇದೆ. ಆದರೆ ಆ ಹೆಸರಿನ ಚೀಟಿ ಹೊತ್ತ ಪಿಟೀಲುಗಳಿಗೆ ಲೆಕ್ಕವೇ ಇಲ್ಲ.

ಈ ಚೀಟಿ ಬಂದದ್ದು ಎಲ್ಲಿಂದ? ಜರ್ಮನಿಯ ಸ್ಯಾಕ್ಸನಿ ಸೀಮೆಯಲ್ಲಿ ಮಾರ್ಕ್‌ನಾಯ್‌ಕಿರ್ಖೆನ್ ಎಂಬ ಸಣ್ಣ ಪಟ್ಟಣವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಪಿಟೀಲು ಮನೆಮನೆಯ ಕೆಲಸವಾಗಿತ್ತು. ಒಂದು ಮನೆಯವರು ಸುರುಳಿ ತಲೆ ಕೆತ್ತುತ್ತಿದ್ದರು, ಇನ್ನೊಂದು ಮನೆಯವರು ಮೇಲುಹಲಗೆ, ಮತ್ತೊಬ್ಬರು ಬರೀ ಬಿರಡೆ. ಬಿಡಿಭಾಗಗಳನ್ನು ಕೊಂಡು ಜೋಡಿಸಿ, ಬಣ್ಣ ಹಚ್ಚಿ, ಡಜನ್ ಲೆಕ್ಕದಲ್ಲಿ ವ್ಯಾಪಾರಿಗಳು ಜಗತ್ತಿಗೆಲ್ಲ ಕಳಿಸುತ್ತಿದ್ದರು. ಈ ವ್ಯಾಪಾರ ಎಷ್ಟು ಬೆಳೆದಿತ್ತೆಂದರೆ ಅಷ್ಟು ಚಿಕ್ಕ ಊರಿನಲ್ಲಿ ಅಮೆರಿಕ ಸರ್ಕಾರ 1893ರಿಂದ 1916ರವರೆಗೆ ತನ್ನ ಕಾನ್ಸುಲೇಟ್ ಕಚೇರಿಯನ್ನೇ ಇಟ್ಟಿತ್ತು. ಚೀಟಿಯ ಮೇಲಿನ ಸ್ಟ್ರಾಡಿವೇರಿಯಸ್ ಹೆಸರು ‘ಆ ಮಾದರಿಯಲ್ಲಿ ಮಾಡಿದ್ದು’ ಎಂಬ ಸೂಚನೆ, ಅಷ್ಟೇ. ಕೊಳ್ಳುವವರಿಗೂ ಅದು ಗೊತ್ತಿತ್ತು. ಕಾಲ ಕಳೆದ ಮೇಲೆ ಮೊಮ್ಮಕ್ಕಳಿಗೆ ಗೊತ್ತಿಲ್ಲದೆ ಹೋಯಿತು.

ಚೀಟಿಯಲ್ಲಿ ಇಸವಿಗಿಂತ ಹೆಚ್ಚು ಹೇಳುವುದು ದೇಶದ ಹೆಸರು. ಆಮದು ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕು ಎಂದು ಅಮೆರಿಕ 1890ರಲ್ಲಿ ಸುಂಕದ ಕಾನೂನು ತಂದಿತು. ಹಾಗಾಗಿ ‘ಜರ್ಮನಿ’ ಎಂದು ಅಚ್ಚಾದ ಚೀಟಿ ಸಾಮಾನ್ಯವಾಗಿ ಆ ಮೇಲಿನ ಕಾಲದ್ದು. ‘ಚೆಕೊಸ್ಲೊವಾಕಿಯಾ’ ಎಂದಿದ್ದರೆ 1918ರ ನಂತರದ್ದು, ಏಕೆಂದರೆ ಆ ದೇಶ ಹುಟ್ಟಿದ್ದೇ ಆಗ. ಚೀಟಿಯೇ ಇಲ್ಲದ, ಕೋಲ್ಕತ್ತದಿಂದಲೋ ಚೀನಾದಿಂದಲೋ ಬಂದ ಕಲಿಕೆಯ ಪಿಟೀಲುಗಳೂ ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ.

ಅಗ್ಗದ್ದನ್ನು ಗುರುತಿಸಲು ಇನ್ನೂ ಕೆಲವು ಗುರುತುಗಳಿವೆ. ಮೇಲುಹಲಗೆಯ ಅಂಚಿನ ಸುತ್ತ ಕಾಣುವ ಜೋಡಿ ಕಪ್ಪು ಗೆರೆ ಒಳ್ಳೆಯ ಪಿಟೀಲಿನಲ್ಲಿ ಮರ ಕೊರೆದು ಕೂರಿಸಿದ ಸಪೂರ ಪಟ್ಟಿ. ಅಂಚಿನಲ್ಲಿ ಬಿಟ್ಟ ಬಿರುಕು ಒಳಕ್ಕೆ ಓಡದಂತೆ ಅದು ತಡೆಯುತ್ತದೆ. ಅಗ್ಗದ್ದರಲ್ಲಿ ಅದು ಬರೀ ಬಣ್ಣದ ಗೆರೆ. ಒಳಗೆ ಮಂದ್ರ ತಂತಿಯ ಕೆಳಗೆ ಉದ್ದಕ್ಕೆ ಅಂಟಿಸಿರಬೇಕಾದ ಮರದ ಪಟ್ಟಿಯನ್ನು ಬೇರೆಯಾಗಿ ಮಾಡದೆ ಹಲಗೆಯಿಂದಲೇ ಕೆತ್ತಿ ಉಳಿಸಿರುತ್ತಾರೆ. ಬೆರಳುಹಲಗೆ ಕರಿಮರದ್ದಲ್ಲ, ಮಸಿ ಬಣ್ಣ ಹಚ್ಚಿದ ಯಾವುದೋ ಮರ. ಇದರಿಂದ ಬೇಸರಪಡಬೇಕಾಗಿಲ್ಲ. ಇಂಥ ಪಿಟೀಲುಗಳಲ್ಲೂ ಮೇಲುಹಲಗೆ ಹೆಚ್ಚಾಗಿ ಸ್ಪ್ರೂಸ್ ಮರದ್ದು, ಹಿಂಬದಿ ಮೇಪಲ್ ಮರದ್ದು. ನೂರು ವರ್ಷ ಒಣಗಿದ ಮರಕ್ಕೆ ಬೆಲೆ ಇದೆ. ಮೇಲಾಗಿ, ಅಮೂಲ್ಯವಾದ ವಾದ್ಯದ ಮೇಲೆ ಮನೆಯಲ್ಲಿ ಕೈಯಾಡಿಸಬಾರದು, ಇದರ ಮೇಲೆ ಆಡಿಸಬಹುದು. ಸಂಶಯವಿದ್ದರೆ ಮಾತ್ರ ಏನನ್ನೂ ಮುಟ್ಟುವ ಮೊದಲು ಬಲ್ಲ ಪಿಟೀಲುವಾದಕರೊಬ್ಬರಿಗೆ ತೋರಿಸುವುದು ಒಳ್ಳೆಯದು.

ಇನ್ನೊಂದು ಗುರುತು ನಮ್ಮ ಕಡೆಯದೇ. ಪಾಶ್ಚಾತ್ಯರು ನಿಂತು, ಗಲ್ಲಕ್ಕೆ ಪಿಟೀಲು ಒತ್ತಿ ನುಡಿಸುತ್ತಾರೆ. ನಮ್ಮವರು ಚಕ್ಕಳಮಕ್ಕಳ ಕೂತು ಸುರುಳಿ ತಲೆಯನ್ನು ಬಲಗಾಲಿನ ಹರಡಿನ ಮೇಲೆ ಊರಿ ನುಡಿಸುತ್ತಾರೆ. ಹಾಗಾಗಿ ಕಛೇರಿ ಸಂಗೀತಕ್ಕೆ ಬಳಸಿದ ಪಿಟೀಲಿನ ಸುರುಳಿಯ ಒಂದು ಬದಿಯಲ್ಲಿ ವಾರ್ನಿಷ್ ಸವೆದು ಮರ ನುಣುಪಾಗಿರುತ್ತದೆ. ಅಟ್ಟದಿಂದ ಇಳಿದ ಪಿಟೀಲಿನಲ್ಲಿ ಈ ಸವಕಳಿ ಕಂಡರೆ ಅಜ್ಜ ಕಲಿತಿದ್ದರೆಂಬ ಮನೆಯ ಮಾತಿಗೆ ಸಾಕ್ಷಿ ಸಿಕ್ಕಂತೆ. ದುರಸ್ತಿಯ ಹುರುಪಿನಲ್ಲಿ ಅದರ ಮೇಲೆ ಹೊಸ ಬಣ್ಣ ಬಳಿದುಬಿಟ್ಟರೆ ಆ ಸಾಕ್ಷಿ ಅಳಿಸಿಹೋಗುತ್ತದೆ.

ಮಳೆ, ಅಂಟು ಮತ್ತು ಒಂದು ಹಿಡಿ ಅಕ್ಕಿ

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಬರುವ ಊರು ಇದು. ಅದೇ ಊರಿನಲ್ಲಿ ಏಪ್ರಿಲ್ ಬಂತೆಂದರೆ ಹೆಂಚಿನ ಕೆಳಗಿನ ಅಟ್ಟ ಕಾದ ಕಾವಲಿ. ಮರ ಮಳೆಗಾಲದಲ್ಲಿ ನೀರಿನ ಪಸೆ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಪಿಟೀಲಿನ ಮೇಲುಹಲಗೆಯ ದಪ್ಪ ಎರಡೂವರೆಯಿಂದ ಮೂರು ಮಿಲಿಮೀಟರ್, ಪಕ್ಕದ ಪಟ್ಟಿ ಒಂದು ಮಿಲಿಮೀಟರಿನಷ್ಟು. ಅಷ್ಟು ತೆಳ್ಳಗಿನ ಮರ ವರ್ಷವರ್ಷವೂ ಈ ಎಳೆದಾಟ ತಡೆದುಕೊಂಡು ಸೀಳದೆ ಉಳಿಯುವುದಾದರೂ ಹೇಗೆ?

ಉತ್ತರ ಅಂಟಿನಲ್ಲಿದೆ. ಪಿಟೀಲು ಮಾಡುವವರು ಶತಮಾನಗಳಿಂದ ಬಳಸುತ್ತ ಬಂದದ್ದು ಪ್ರಾಣಿಗಳ ತೊಗಲು, ಎಲುಬು ಬೇಯಿಸಿ ತೆಗೆದ ಅಂಟು. ಒಣಗಿದಾಗ ಅದು ಗಾಜಿನಂತೆ ಗಟ್ಟಿ, ಪಸೆ ಮತ್ತು ಬಿಸಿ ತಾಗಿದರೆ ಸಡಿಲ. ಮೇಲುಹಲಗೆಯನ್ನು ಪಕ್ಕದ ಪಟ್ಟಿಗೆ ಕೂರಿಸುವಾಗ ಆ ಅಂಟನ್ನೂ ಬೇಕೆಂದೇ ತೆಳುವಾಗಿ ಹಚ್ಚುತ್ತಾರೆ. ಮರದ ಮೇಲೆ ಸೆಳೆತ ಹೆಚ್ಚಾದಾಗ ಹಲಗೆ ಸೀಳುವ ಮೊದಲೇ ಅಂಟು ಬಿಟ್ಟುಕೊಡಲಿ ಎಂಬ ಲೆಕ್ಕಾಚಾರ ಅದು. ಅಟ್ಟದ ಪಿಟೀಲಿನ ಅಂಚು ಬಾಯಿ ಬಿಟ್ಟಿದೆಯೆಂದರೆ ವಾದ್ಯ ತನ್ನನ್ನು ತಾನು ಉಳಿಸಿಕೊಂಡಿದೆ ಎಂದೇ ಅರ್ಥ.

ಇಲ್ಲೇ ಹೆಚ್ಚಿನವರು ಎಡವುವುದು. ಮನೆಯಲ್ಲಿ ಕೈಗೆ ಸಿಗುವುದು ಫೆವಿಕಾಲ್‌ನಂಥ ಬಿಳಿ ಅಂಟು ಅಥವಾ ಕ್ಷಣದಲ್ಲಿ ಹಿಡಿಯುವ ಫೆವಿಕ್ವಿಕ್. ಮೇಜು–ಕುರ್ಚಿಗೆ ಬಿಳಿ ಅಂಟು ಒಳ್ಳೆಯದೇ. ಪಿಟೀಲಿನ ಅಂಚಿಗೆ ಹಾಕಿದರೆ ಮುಂದಿನ ಬೇಸಿಗೆಯಲ್ಲಿ ಬಿಟ್ಟುಕೊಡುವುದು ಅಂಟಲ್ಲ, ಮರ. ಮತ್ತೆ ಹಲಗೆ ತೆರೆಯಬೇಕಾದಾಗ ಸ್ಪ್ರೂಸ್ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಮುಂದೆ ಬಿಚ್ಚಲು ಬರುವಂಥದ್ದನ್ನು ಮಾತ್ರ ಹಾಕಬೇಕು ಎಂಬ ಒಂದು ನಿಯಮವನ್ನು ಹಿಡಿದುಕೊಂಡರೆ ಈ ಕೆಲಸದ ಅರ್ಧ ತಪ್ಪುಗಳು ತಪ್ಪುತ್ತವೆ. ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮಕ್ಕೆ ಹೋದವರು ಇದನ್ನು ದೊಡ್ಡ ಅಳತೆಯಲ್ಲಿ ನೋಡಿರುತ್ತಾರೆ. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ತಂದು ಅಲ್ಲಿ ಮತ್ತೆ ಎಬ್ಬಿಸಲು ಆದದ್ದು, ಆ ಮನೆಗಳ ಮರಗೆಲಸವನ್ನು ಬಿಚ್ಚಲು ಬರುತ್ತಿತ್ತು ಎಂಬ ಕಾರಣಕ್ಕೆ.

ಅಂಟಿಗೆ ಮುಂಚೆ ಶುದ್ಧಿಯ ಕೆಲಸ. ಪಿಟೀಲಿನ ಹೊಟ್ಟೆಯೊಳಗೆ ಹತ್ತಾರು ವರ್ಷದ ಧೂಳು ಉಂಡೆಗಟ್ಟಿರುತ್ತದೆ. ಬ್ರಷ್ ಒಳಗೆ ಹೋಗದು. ಜಗತ್ತಿನ ಎಲ್ಲೆಡೆ ಪಿಟೀಲು ರಿಪೇರಿಯವರು ಬಳಸುವ ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ: ಒಂದು ಹಿಡಿ ಒಣ ಅಕ್ಕಿ. ಕಿಂಡಿಯ ಮೂಲಕ ಅಕ್ಕಿ ಸುರಿದು, ಮಗುವನ್ನು ತೂಗಿದಂತೆ ಆಚೀಚೆ ಮೆಲ್ಲಗೆ ತೂಗಿ, ಕಿಂಡಿ ಕೆಳಗೆ ಮಾಡಿ ಹೊರಗೆ ಸುರಿಯಬೇಕು. ಬೆಳ್ಳಗೆ ಹೋದ ಅಕ್ಕಿ ಬೂದುಬಣ್ಣಕ್ಕೆ ತಿರುಗಿ, ಜೇಡರ ಬಲೆ, ಹತ್ತಿಯಂಥ ಧೂಳಿನ ಉಂಡೆ, ಕೆಲವೊಮ್ಮೆ ಅಜ್ಜನ ಕಾಲದ ರಾಳದ ತುಣುಕನ್ನೂ ಹೊತ್ತು ಬರುತ್ತದೆ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಚೀಟಿಯ ಅಕ್ಷರ ಸ್ಪಷ್ಟವಾಗುತ್ತದೆ. ಅಕ್ಕಿಯ ಜತೆ ಹಿಟ್ಟಿನಂಥ ಮರದ ಪುಡಿ ಬಂದರೆ ಮಾತ್ರ ಕೆಲಸ ನಿಲ್ಲಿಸಬೇಕು. ಅದು ಕುಟ್ಟೆ ಹುಳದ ಸುಳಿವು.

ಆ ಮೇಲೆ ಗೆಣ್ಣಿನಿಂದ ಅಂಚಿನ ಸುತ್ತ ತಟ್ಟುತ್ತ ಹೋಗಬೇಕು. ಅಂಟು ಗಟ್ಟಿಯಿರುವ ಕಡೆ ‘ಟಕ್’ ಎಂಬ ತುಂಬಿದ ಸದ್ದು, ಬಿಟ್ಟ ಕಡೆ ‘ಚಟ್’ ಎಂದು ಒಡಕು ಸದ್ದು. ಕಣ್ಣಿಗೆ ಕಾಣದ ಬಿರುಕು ಹೀಗೆ ಕಿವಿಗೆ ಸಿಗುತ್ತದೆ. ಸಿಕ್ಕ ಕಡೆಯಲ್ಲೆಲ್ಲ ಸೀಮೆಸುಣ್ಣದ ಸಣ್ಣ ಗುರುತು.

ತೊಗಲಂಟು ಹರಳು ಹರಳಾಗಿ ಸಿಗುತ್ತದೆ. ತಣ್ಣೀರಿನಲ್ಲಿ ನೆನೆಹಾಕಿದರೆ ಕೆಲವು ಗಂಟೆಗಳಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿಸಬೇಕು. ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ. ಹದ ಎಂದರೆ ಎಳೆಬೆಲ್ಲದ ಪಾಕಕ್ಕಿಂತ ತೆಳ್ಳಗೆ, ಕಡ್ಡಿಯಿಂದ ಧಾರೆಯಾಗಿ ಇಳಿಯುವಂತೆ. ಬಿಟ್ಟ ಸಂದಿಗೆ ತೆಳುವಾದ ಚಾಕುವಿನ ಬೆನ್ನಿನಿಂದ ಮೊದಲು ಬಿಸಿನೀರು ಹಾಯಿಸಿ ಹಳೆಯ ಅಂಟನ್ನು ಒರೆಸಿ ತೆಗೆದು, ಮತ್ತೆ ಬಿಸಿ ಅಂಟು ಸೇರಿಸಿ, ತಣಿಯುವ ಮೊದಲೇ ಬಿಗಿಯಬೇಕು. ಬಿಗಿಯಲು ವಿದೇಶಿ ಕ್ಲಾಂಪ್ ಬೇಕೆಂದಿಲ್ಲ. ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲ ಪಟ್ಟಿಗಳಾಗಿ ಕತ್ತರಿಸಿ, ಪಿಟೀಲಿನ ಸೊಂಟಕ್ಕೂ ಅಂಚಿಗೂ ಹದವಾಗಿ ಸುತ್ತಿದರೆ ಸಾಕು. ಹೊರಗೆ ಉಕ್ಕಿದ ಅಂಟನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಒಂದು ಇಡೀ ದಿನ ಮುಟ್ಟದೆ ಬಿಡುವುದು.

ಈ ಕೆಲಸ ಮಳೆಗಾಲದಲ್ಲಿ ಬೇಡ. ಅಂಟು ಒಣಗುವ ಮೊದಲೇ ಬೂಷ್ಟು ಬರುತ್ತದೆ. ಕರಾವಳಿಯ ಗಾಳಿ ಬಯಲುಸೀಮೆಯಷ್ಟು ಯಾವಾಗಲೂ ಒಣಗದಿದ್ದರೂ ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಗಿನ ಹತ್ತು ಗಂಟೆಯ ಮೇಲೆ ಹದವಾಗಿರುತ್ತದೆ. ಹಪ್ಪಳ ಒಣಗಿಸಿದಂತೆ ಪಿಟೀಲನ್ನು ಅಂಗಳದ ಬಿಸಿಲಿಗೆ ಇಡುವ ಅಭ್ಯಾಸವೂ ಅಪಾಯದ್ದೇ. ಒಂದು ಮಧ್ಯಾಹ್ನದ ನೇರ ಬಿಸಿಲು ಗಟ್ಟಿಯಿದ್ದ ಸಂದುಗಳನ್ನೂ ತೆರೆಸುತ್ತದೆ.

ಅರಗಿನ ಹೊಳಪು

ಬಣ್ಣದ ವಿಷಯಕ್ಕೆ ಬಂದರೆ ಮೊದಲ ಮಾತು, ಬೇಕೇ ಎಂದು ಕೇಳಿಕೊಳ್ಳುವುದು. ಹಳೆಯ ಜರ್ಮನ್ ಪಿಟೀಲಿನ ವಾರ್ನಿಷ್ ಸವೆದು, ಗೀರು ಬಿದ್ದು, ಕಂದಿದ್ದರೂ ಅದನ್ನು ಕೆರೆದು ತೆಗೆಯುವುದು ತಪ್ಪು. ಸ್ಯಾಂಡ್‌ಪೇಪರ್ ಹಿಡಿದವರ ಕೈಯಲ್ಲಿ ಬಣ್ಣದ ಜತೆ ಮರವೂ ಹೋಗುತ್ತದೆ. ಮೂರು ಮಿಲಿಮೀಟರ್ ಹಲಗೆಯಲ್ಲಿ ಕಾಲು ಮಿಲಿಮೀಟರ್ ಹೋದರೂ ಅದು ಹೋದಂತೆಯೇ, ಮತ್ತೆ ಬರುವುದಿಲ್ಲ. ಮೆತ್ತಗಿನ ಹತ್ತಿಬಟ್ಟೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿದರೆ ಬಹಳಷ್ಟು ಕೊಳೆ ಹೋಗುತ್ತದೆ. ಸ್ಪಿರಿಟ್ಟಿನಲ್ಲೋ ಸ್ಯಾನಿಟೈಸರಿನಲ್ಲೋ ಒರೆಸಿದರೆ ಕೊಳೆಯ ಜತೆ ವಾರ್ನಿಷ್ಷೂ ಕರಗಿ ಬಟ್ಟೆಗೆ ಬರುತ್ತದೆ. ತೆಂಗಿನೆಣ್ಣೆ ತಿಕ್ಕುವ ಅಭ್ಯಾಸ ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ಬಾಗಿಲಿಗೂ ಮಂಚಕ್ಕೂ ಸರಿ. ಪಿಟೀಲಿನಲ್ಲಿ ಆ ಎಣ್ಣೆ ಬಿರುಕಿನೊಳಗೆ ಇಳಿದು ಕೂತರೆ ಮುಂದೆ ಯಾವ ಅಂಟೂ ಅಲ್ಲಿ ಹಿಡಿಯದು.

ಯಾರೋ ಹಿಂದೆ ಎನಾಮಲ್ ಪೇಂಟ್ ಬಳಿದಿದ್ದರೆ, ಅಥವಾ ಕಾರ್ಖಾನೆಯಲ್ಲಿ ದಪ್ಪಗೆ ಸ್ಪ್ರೇ ಹೊಡೆದ ಕಲಿಕೆಯ ಪಿಟೀಲಿನ ಮೆರುಗು ಪೊರೆ ಪೊರೆಯಾಗಿ ಏಳುತ್ತಿದ್ದರೆ ಆಗ ಮಾತು ಬೇರೆ. ಅಂಥ ದಪ್ಪ ಪದರ ಮರದ ಕಂಪನವನ್ನೇ ಕಟ್ಟಿಹಾಕುತ್ತದೆ. ಅದನ್ನು ತೆಗೆಯಲು ಹಳೆಯ ಬಡಗಿಗಳ ಉಪಾಯವೇ ಉತ್ತಮ: ಅಂಚು ಚೂಪಾದ ಗಾಜಿನ ಚೂರು ಅಥವಾ ಉಕ್ಕಿನ ತಗಡನ್ನು ಎರಡೂ ಕೈಯಲ್ಲಿ ಹಿಡಿದು ಮರದ ಎಳೆಯ ದಿಕ್ಕಿಗೆ ಹಗುರವಾಗಿ ಹೆರೆಯುವುದು. ದಪ್ಪನೆಯ ಕೈಗವಸು ಮರೆಯಬಾರದು. ಬಣ್ಣ ಹೋಗಿ ಮರ ಕಂಡ ಕೂಡಲೇ ಕೈ ನಿಲ್ಲಬೇಕು.

ಹೊಸ ಹೊಳಪಿಗೆ ಬೇಕಾದದ್ದು ಅರಗು. ಮಹಾಭಾರತದ ಅರಗಿನ ಮನೆಯಿಂದ ಚನ್ನಪಟ್ಟಣದ ಬೊಂಬೆಯವರೆಗೆ ನಮಗೆ ಪರಿಚಯವಿರುವ ಅದೇ ಅರಗು. ಮುತ್ತುಗ, ಬೋರೆ, ಸಾಗಡೆ ಮರಗಳ ಎಳೆ ಕೊಂಬೆಗಳ ಮೇಲೆ ಒಂದು ಪುಟ್ಟ ಕೀಟ ತನ್ನ ಸುತ್ತ ಕಟ್ಟಿಕೊಳ್ಳುವ ರಾಳದ ಗೂಡು ಅದು. ಜಾರ್ಖಂಡ್ ಅದರ ದೊಡ್ಡ ನೆಲೆ. ರಾಂಚಿ ಬಳಿಯ ನಾಮ್‌ಕುಮ್‌ನಲ್ಲಿ 1924ರಲ್ಲೇ ಅರಗಿಗೆಂದು ಸಂಶೋಧನಾ ಸಂಸ್ಥೆ ಶುರುವಾಗಿತ್ತು. ಚಕ್ರ ತಿರುಗುವ ಗ್ರಾಮಫೋನಿನ ಕಾಲದಲ್ಲಿ ನಿಮಿಷಕ್ಕೆ 78 ಸುತ್ತಿನ ತಟ್ಟೆಗಳನ್ನು ಮಾಡುತ್ತಿದ್ದದ್ದೂ ಅರಗು ಸೇರಿಸಿಯೇ. ಚೌಡಯ್ಯನವರ ಪಿಟೀಲು ಊರೂರಿನ ಮನೆಗಳಿಗೆ ಬಂದದ್ದು ಈ ಕೀಟದ ರಾಳದ ಮೇಲೆ ಕೂತು ಎಂದರೆ ತಪ್ಪಿಲ್ಲ. ಪಿಟೀಲಿನ ವಾರ್ನಿಷ್‌ಗೆ ಬೇರೆ ರಾಳಗಳನ್ನೂ ಬಳಸುತ್ತಾರೆ. ಕಾರ್ಕಳದ ಕಡೆ ರಸ್ತೆಬದಿಯಲ್ಲಿ ಸಾಲಾಗಿ ನಿಂತ ಧೂಪದ ಮರದ ರಾಳಕ್ಕೂ ವಾರ್ನಿಷ್ ಲೋಕದಲ್ಲಿ ಹಳೆಯ ಹೆಸರಿದೆ. ಆದರೆ ಮನೆಯಲ್ಲಿ ಮಾಡುವವರಿಗೆ ಅರಗಿನಷ್ಟು ಸುಲಭದ್ದು ಇನ್ನೊಂದಿಲ್ಲ. ಕಾರಣ ಮತ್ತೆ ಅದೇ, ಸ್ಪಿರಿಟ್ ತಾಗಿಸಿದರೆ ಅದನ್ನು ತೆಗೆಯಲು ಬರುತ್ತದೆ.

ನೂರು ಮಿಲಿಲೀಟರ್ ಪಾಲಿಶ್ ಸ್ಪಿರಿಟ್‌ಗೆ 15 ಗ್ರಾಂನಷ್ಟು ಅರಗಿನ ಚಕ್ಕೆ ಹಾಕಿ ಗಾಜಿನ ಬಾಟಲಿಯಲ್ಲಿ ಮುಚ್ಚಿ ಒಂದು ರಾತ್ರಿ ಇಟ್ಟರೆ ಕರಗುತ್ತದೆ. ಹಳೆಯ ಪಂಚೆಯ ತುಂಡಿನಲ್ಲಿ ಸೋಸಬೇಕು. ಕಿತ್ತಳೆ ಬಣ್ಣದ ಚಕ್ಕೆಯಾದರೆ ಬೇರೆ ಬಣ್ಣ ಸೇರಿಸುವ ಅಗತ್ಯವಿಲ್ಲ, ಪದರ ಏರಿದಂತೆ ಜೇನಿನ ಬಣ್ಣ ತಾನಾಗಿ ಬರುತ್ತದೆ. ಸ್ಪಿರಿಟ್ ಬೆಂಕಿಗೆ ಹತ್ತುವಂಥದ್ದು, ಹೊಟ್ಟೆಗೆ ವಿಷ. ದೇವರ ದೀಪದ ಹತ್ತಿರ, ಮಕ್ಕಳ ಕೈಗೆ ಸಿಗುವಲ್ಲಿ ಆ ಬಾಟಲಿ ಇರಕೂಡದು.

ಹಚ್ಚುವುದು ಬ್ರಷ್ಷಿನಿಂದಲ್ಲ. ಹತ್ತಿಯ ಉಂಡೆಯನ್ನು ಮೆತ್ತನೆಯ ಹಳೆಬಟ್ಟೆಯಲ್ಲಿ ಸುತ್ತಿ ಕೋಳಿಮೊಟ್ಟೆಯಷ್ಟು ಗಾತ್ರದ ಪೊಟ್ಟಣ ಮಾಡಿ, ಅದಕ್ಕೆ ಅರಗಿನ ನೀರು ಕುಡಿಸಿ, ಹಿಂಡಿ, ಮರದ ಮೇಲೆ ನಿಲ್ಲಿಸದೆ ಒಂದೇ ಓಟದಲ್ಲಿ ಸವರಬೇಕು. ಕೈ ನಿಂತಲ್ಲಿ ಹಿಂದಿನ ಪದರ ಕರಗಿ ಕಿತ್ತು ಬರುತ್ತದೆ. ಒಂದು ಪದರ ಕಣ್ಣಿಗೆ ಕಾಣುವುದೇ ಇಲ್ಲ. ನಾಲ್ಕನೆಯದಕ್ಕೆ ಮರದ ಎಳೆ ಎದ್ದು ಕಾಣತೊಡಗುತ್ತದೆ. ಎಂಟು–ಹತ್ತು ಪದರದ ಹೊತ್ತಿಗೆ ಹಿಂಬದಿಯ ಮೇಪಲ್ ಹಲಗೆಯ ಅಡ್ಡಪಟ್ಟೆಗಳು, ಪಿಟೀಲನ್ನು ವಾಲಿಸಿದಂತೆ, ರೇಷ್ಮೆ ಸೀರೆಯ ಮಡಿಕೆಯ ಹಾಗೆ ಜಾಗ ಬದಲಿಸುತ್ತವೆ. ಇಷ್ಟು ಸಾಕು. ಕನ್ನಡಿಯ ಹೊಳಪು ಬರುವವರೆಗೆ ಏರಿಸುತ್ತ ಹೋದರೆ ಮತ್ತೆ ದಪ್ಪ ಪದರದ ಹಳೆಯ ದೋಷವೇ. ಕತ್ತಿಗೂ ಬೆರಳುಹಲಗೆಗೂ ಅರಗು ಬೇಡ. ಅಲ್ಲಿ ಕೈ ಜಾರಬೇಕು, ಜಾರು ಗಮಕಗಳೇ ಪ್ರಾಣವಾದ ನಮ್ಮ ಸಂಗೀತದಲ್ಲಂತೂ ಅಲ್ಲಿ ಅಂಟಂಟು ಸ್ವಲ್ಪವೂ ಇರಬಾರದು.

ಅರಗಿಗೂ ಮಳೆಗೂ ಆಗದು. ಜುಲೈಯಲ್ಲಿ ಹಚ್ಚಿದರೆ ಗಾಳಿಯ ಪಸೆ ಪದರದೊಳಗೆ ಸೇರಿ ಹಾಲು ಚೆಲ್ಲಿದಂತೆ ಬೆಳ್ಳಗೆ ಮಂಜು ಕವಿಯುತ್ತದೆ. ಹೀಗಾದುದನ್ನು ಕಂಡು ಎಷ್ಟೋ ಜನ ಅರಗೇ ಕೆಟ್ಟದೆಂದು ತೀರ್ಮಾನಿಸಿದ್ದಾರೆ. ತಪ್ಪು ಅರಗಿನದಲ್ಲ, ತಿಂಗಳಿನದು.

ಬಣ್ಣ ಗಟ್ಟಿಯಾಗಲು ಎರಡು ಮೂರು ವಾರ ಬಿಟ್ಟು ತಂತಿಯ ಕೆಲಸಕ್ಕೆ ಕೂರಬೇಕು. ಹೊಟ್ಟೆಯೊಳಗೆ ಲೊಟಲೊಟ ಎನ್ನುತ್ತಿದ್ದ ಕಡ್ಡಿ ನೆನಪಿದೆಯೇ? ಅದೇ ಸೌಂಡ್‌ಪೋಸ್ಟ್. ಸುಮಾರು ಆರು ಮಿಲಿಮೀಟರ್ ದಪ್ಪದ ಆ ಸ್ಪ್ರೂಸ್ ಕಡ್ಡಿಯನ್ನು ಎಲ್ಲಿಯೂ ಅಂಟಿಸಿರುವುದಿಲ್ಲ. ಕುದುರೆಯ ತಾರ ತಂತಿಯ ಕಡೆಯ ಪಾದದ ಸ್ವಲ್ಪ ಹಿಂದೆ, ಮೇಲುಹಲಗೆಗೂ ಹಿಂಬದಿ ಹಲಗೆಗೂ ನಡುವೆ ಬರೀ ಒತ್ತಡದಲ್ಲಿ ನಿಂತಿರುತ್ತದೆ. ಫ್ರೆಂಚರು, ಇಟಲಿಯವರು ತಂತಮ್ಮ ಭಾಷೆಯಲ್ಲಿ ಅದನ್ನು ‘ಆತ್ಮ’ ಎಂದೇ ಕರೆಯುತ್ತಾರೆ. ಎಲ್ಲ ತಂತಿಗಳನ್ನೂ ಒಮ್ಮೆಗೇ ಬಿಚ್ಚಿದರೆ ಒತ್ತಡ ತಪ್ಪಿ ಅದು ಬಿದ್ದುಬಿಡುತ್ತದೆ. ಹೊಸ ತಂತಿ ಹಾಕುವಾಗ ಒಂದು ಬಿಚ್ಚಿ ಒಂದು ಹಾಕಬೇಕೆಂದು ಗುರುಗಳು ಹೇಳುವುದು ಇದಕ್ಕೇ. ಬಿದ್ದುದನ್ನು ಕಿಂಡಿಯ ಮೂಲಕ ‘ಎಸ್’ ಆಕಾರದ ಕಂಬಿಯಿಂದ ಚುಚ್ಚಿ ಹಿಡಿದು ಮತ್ತೆ ನಿಲ್ಲಿಸಬಹುದು. ಮೊದಲ ಸಲ ಮಾಡುವವರಿಗೆ ಒಂದು ಸಂಜೆ ಇಡೀ ಹಿಡಿಯುತ್ತದೆ, ನಲವತ್ತು ಸಲ ಬೀಳುತ್ತದೆ. ಜೋರು ಮಾಡಿ ತುರುಕಬಾರದು. ಕಡ್ಡಿ ಬಿಗಿಯಾದರೆ ಮೇಲುಹಲಗೆ ಸೀಳುತ್ತದೆ.

ಕುದುರೆಯ ಪಾದಗಳು ಮೇಲುಹಲಗೆಯ ಉಬ್ಬಿಗೆ ಕೂದಲೆಳೆ ಸಂದಿಲ್ಲದೆ ಕೂರಬೇಕು. ಸ್ಯಾಂಡ್‌ಪೇಪರಿಗೆ ಸರಿಯಾದ ಕೆಲಸ ಇಲ್ಲಿದೆ. ಒರಟು ಬದಿ ಮೇಲೆ ಬರುವಂತೆ ಕಾಗದವನ್ನು ಪಿಟೀಲಿನ ಮೇಲೆ ಹಾಸಿ, ಕುದುರೆಯನ್ನು ನೆಟ್ಟಗೆ ಹಿಡಿದು ಅದರ ಮೇಲೆ ಹಿಂದೆ ಮುಂದೆ ಎಳೆದರೆ ಪಾದ ಆ ಉಬ್ಬಿನ ಆಕಾರವನ್ನೇ ಪಡೆಯುತ್ತದೆ. ಬಿರಡೆ ಜಾರುತ್ತಿದ್ದರೆ ಸೀಮೆಸುಣ್ಣ, ಬಿಗಿಯಾಗಿ ಕಿರ್ ಎನ್ನುತ್ತಿದ್ದರೆ ಒಣಗಿದ ಬಾರ್ ಸೋಪು. ಮಳೆಗಾಲದಲ್ಲಿ ಎರಡನೆಯದು, ಬೇಸಿಗೆಯಲ್ಲಿ ಮೊದಲನೆಯದು.

ಪಾಶ್ಚಾತ್ಯ ಶ್ರುತಿಯಲ್ಲಿ ನಾಲ್ಕು ತಂತಿಗಳ ಒಟ್ಟು ಸೆಳೆತ 20 ಕಿಲೊ ಮೀರುತ್ತದೆ. ನಮ್ಮ ಸ–ಪ–ಸ–ಪ ಕ್ರಮದಲ್ಲಿ ಶ್ರುತಿಯನ್ನು ಸಾಮಾನ್ಯವಾಗಿ ಅದಕ್ಕಿಂತ ಇಳಿಸಿ ಕಟ್ಟುವುದರಿಂದ ಭಾರ ಕಡಿಮೆ. ಬಹುಕಾಲ ಮಲಗಿದ್ದ ಪಿಟೀಲಿಗೆ ಇದು ಅನುಕೂಲವೇ. ಹಾಗಿದ್ದರೂ ಮೊದಲ ದಿನವೇ ಪೂರ್ತಿ ಶ್ರುತಿಗೆ ಏರಿಸದೆ ನಾಲ್ಕೈದು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು. ಪ್ರತಿ ಸಲವೂ ಕುದುರೆ ಬೆರಳುಹಲಗೆಯ ಕಡೆ ವಾಲಿದೆಯೇ ನೋಡಿ ನೆಟ್ಟಗೆ ಮಾಡಬೇಕು.

ಮನೆಯಲ್ಲಿ ಆಗದ ಕೆಲಸಗಳೂ ಇವೆ. ಕತ್ತು ಮುರಿದಿದ್ದರೆ, ಸೌಂಡ್‌ಪೋಸ್ಟ್ ನಿಲ್ಲುವ ಜಾಗದಲ್ಲೇ ಹಲಗೆ ಸೀಳಿದ್ದರೆ, ಒರಲೆ ತಿಂದಿದ್ದರೆ ಪಳಗಿದ ಕುಶಲಕರ್ಮಿಯ ಬಳಿ ಒಯ್ಯಬೇಕು. ಕಮಾನಿಗೆ ಹೊಸ ಕುದುರೆಕೂದಲು ಕಟ್ಟುವುದೂ ಅವರದೇ ಕೆಲಸ. ಹೊಸ ಕಲಿಕೆಯ ಪಿಟೀಲು ಐದಾರು ಸಾವಿರ ರೂಪಾಯಿಗೆ ಸಿಗುವಾಗ ಇಷ್ಟೆಲ್ಲ ಏಕೆ ಎನ್ನುವವರಿಗೆ ಉತ್ತರ, ಸರಿಯಾಗಿ ಎದ್ದು ನಿಂತ ಹಳೆಯ ಅಗ್ಗದ ಪಿಟೀಲು ಆ ಬೆಲೆಯ ಹೊಸದಕ್ಕಿಂತ ಹೆಚ್ಚಿನ ಸಲ ಚೆನ್ನಾಗಿಯೇ ನುಡಿಯುತ್ತದೆ. ಕಲಿಯಲು ಆಸೆಯಿದ್ದು ವಾದ್ಯವಿಲ್ಲದ ಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ.

ಈ ಬಾರಿ ದೀಪಾವಳಿಗೆ ಮುಂಚೆ ಅಟ್ಟದ ಮೇಲೆ ಅಂಥ ಪೆಟ್ಟಿಗೆ ಸಿಕ್ಕರೆ ಗುಜರಿಯವರನ್ನು ಕರೆಯುವ ಮೊದಲು ತೆರೆದು ನೋಡಿ. ಗೆಣ್ಣಿನಿಂದ ಅಂಚಿನ ಸುತ್ತ ಒಮ್ಮೆ ತಟ್ಟಿ. ಸದ್ದು ಒಡೆದಿದ್ದರೆ ಬೇಕಾಗಿರುವುದು ಒಂದು ಬಟ್ಟಲು ಅಂಟು ಮತ್ತು ಒಂದು ಸೈಕಲ್ ಟ್ಯೂಬ್.